ಕರಾರು ಮುಗಿದರೆ ಋಣ ಮುಗಿಯಿತೇ?

ಲೆಕ್ಕಪತ್ರದಲ್ಲಿ ಕರಾರಿಗೆ ಕೊನೆಯ ದಿನಾಂಕವಿರುತ್ತದೆ, ಋಣಕ್ಕೆ ಇರುವುದಿಲ್ಲ. ಈ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಕೆಎನ್‌ಟಿವಿ ಎಂಬ ಸಣ್ಣ ಟಿವಿ ಕೇಂದ್ರದ ಚರಿತ್ರೆಯಿಂದ.

ಅಮೆರಿಕದಲ್ಲಿ ಊರಿನ ಕೇಂದ್ರ ಅನೇಕ ವೇಳೆ ಬೇರೆಯವರದು. ಅದರಲ್ಲಿ ಬರುವ ಧಾರಾವಾಹಿ, ಆಟೋಟಗಳು ಎಬಿಸಿ, ಎನ್‌ಬಿಸಿಯಂಥ ದೊಡ್ಡ ಜಾಲಗಳವು. ಇಬ್ಬರನ್ನೂ ಬೆಸೆಯುವುದು ಕೆಲವು ವರ್ಷಗಳ ಕರಾರು. 1955ರಲ್ಲಿ ಶುರುವಾದ ಕೆಎನ್‌ಟಿವಿ 1960ರಿಂದ ಎಬಿಸಿಯ ಜೊತೆಗಿತ್ತು. ದಕ್ಷಿಣದ ಸಲೀನಾಸ್, ಮಾಂಟೆರೆಗಳಿಗೂ ಎಬಿಸಿ ತಲುಪಿಸುತ್ತಿದ್ದುದು ಅದೇ. ಆದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಬಿಸಿಯ ಸ್ವಂತ ಕೇಂದ್ರ ಕೆಜಿಒ ಇತ್ತು. ಸಿರಿವಂತ ಸಿಲಿಕಾನ್ ಕಣಿವೆ ಅದೊಂದಕ್ಕೇ ಸಿಗಲೆಂದು ಎಬಿಸಿ ಹಣ ಕೊಟ್ಟು, 2000ದ ಜುಲೈನಲ್ಲಿ ನಂಟು ಕಳಚಿಕೊಂಡಿತು.

ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಕೆಆರ್‌ಒಎನ್ ಮಾರಾಟವಾಯಿತು. ಕೊಳ್ಳಬೇಕೆಂದಿದ್ದ ಎನ್‌ಬಿಸಿಗೆ ಅದು ದಕ್ಕಲಿಲ್ಲ; ಹೊಸ ಮಾಲೀಕರೊಡನೆ ಷರತ್ತುಗಳೂ ಕುದುರಲಿಲ್ಲ. 1949ರಿಂದ ಇದ್ದ ಸಂಬಂಧ 2001ರ ಕೊನೆಯ ದಿನ ಮುಗಿಯಿತು. ಆ ಜಾಗಕ್ಕೆ ಕೆಎನ್‌ಟಿವಿ ಬಂತು. ಹಿಂದೆ ಜಾಲವೇ ಕೇಂದ್ರಕ್ಕೆ ಹಣ ಕೊಡುತ್ತಿತ್ತು. ಈಗ ಕೆಎನ್‌ಟಿವಿಯ ಮಾಲೀಕರೇ ಒಂಬತ್ತೂವರೆ ವರ್ಷಗಳಲ್ಲಿ 36.2 ಕೋಟಿ ಡಾಲರ್ ಕೊಡಲು ಒಪ್ಪಿದ್ದರು. 2002ರಲ್ಲಿ ಎನ್‌ಬಿಸಿ ಕೇಂದ್ರವನ್ನೇ ಕೊಂಡುಬಿಟ್ಟಿತು.

ಲೆಕ್ಕಿಗನ ಕಣ್ಣಿಗೆ ಇದರಲ್ಲಿ ಲೋಪವಿಲ್ಲ. ಅವಧಿ ಮುಗಿದಿದೆ, ಪರಿಹಾರ ಸಂದಿದೆ, ಸಹಿ ಬಿದ್ದಿದೆ. ಆದರೆ ಸಹಿ ಹಾಕದ ಒಬ್ಬರಿದ್ದರು: ಸಲೀನಾಸ್‌ನಲ್ಲಿ ಆಂಟೆನಾವನ್ನೇ ನೆಚ್ಚಿಕೊಂಡಿದ್ದ ಪ್ರೇಕ್ಷಕರು. ಕೇಬಲ್‌ಗೆ ದುಡ್ಡು ಕೊಟ್ಟವರಿಗೆ ಕೆಜಿಒ ಸಿಕ್ಕಿತು. ಕೊಡಲಾಗದವರು ಸ್ಥಳೀಯ ಎಬಿಸಿಗಾಗಿ 2011ರವರೆಗೆ, ಅಲ್ಲಿಯ ಕೆಎಸ್‌ಬಿಡಬ್ಲ್ಯು ತನ್ನ ಉಪವಾಹಿನಿಯಲ್ಲಿ ಅದನ್ನು ತರುವವರೆಗೆ, ಕಾಯಬೇಕಾಯಿತು.

ವ್ಯಾಪಾರವೇನು ದಾನಛತ್ರವೇ ಎಂದು ನೀವು ಕೇಳಬಹುದು. ಅಲ್ಲ. ನಷ್ಟದ ನಂಟನ್ನು ಎಳೆದಾಡಿ ಎಂದು ಯಾವ ಕಕ್ಷಿಗಾರರಿಗೂ ನಾನು ಸಲಹೆ ಕೊಡುವುದಿಲ್ಲ. ಆದರೆ ಅಮೆರಿಕದ ಕಾನೂನಿನಲ್ಲಿ ಪ್ರಸಾರದ ಪರವಾನಗಿ ಸಿಗುವುದೇ ಸಾರ್ವಜನಿಕ ಹಿತಕ್ಕಾಗಿ. ತರಂಗಗಳು ಯಾರಪ್ಪನ ಆಸ್ತಿಯೂ ಅಲ್ಲ. ಆ ಪ್ರೇಕ್ಷಕರ ನಾಲ್ಕು ದಶಕಗಳ ರೂಢಿಯೂ ಸೇರಿಯೇ ಕೇಂದ್ರದ ಗುಡ್‌ವಿಲ್ ಬೆಳೆದದ್ದು. ಅದನ್ನು ಮಾರಿದಾಗ ಹಣ ಇಬ್ಬರಲ್ಲೇ ಹಂಚಿಹೋಯಿತು.

ಬಿಟ್ಟುಹೋಗುವುದು ಹಕ್ಕು. ನಮ್ಮನ್ನು ನಂಬಿದ ಮೂರನೆಯವರಿಗೆ ದಾರಿ ತೋರಿಸಿ ಹೋಗುವುದು ಋಣ. ಲೆಕ್ಕಪತ್ರದ ಅಡಿಯಲ್ಲಿ, ಇನ್ನೂ ಯಾರೂ ಕೇಳದ ಬಾಕಿಗಳಿಗೂ ನಾವು ಟಿಪ್ಪಣಿ ಬರೆಯುತ್ತೇವೆ. ಇಂಥ ಬಾಕಿಗೂ ಅಲ್ಲೊಂದು ಸಾಲು ಇರಬೇಕಿತ್ತು.