ಸಾಧನವೂ ತೃಪ್ತಿಯೂ

ವಿವಾಹದಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವ ಸಂಪ್ರದಾಯವು ಸರ್ವರಿಗೂ ತಿಳಿದದ್ದೇ. ಅದು ಸೂಕ್ಷ್ಮವಾದ ನಕ್ಷತ್ರವಾದುದರಿಂದ ಮೊದಲು ಸಮೀಪದಲ್ಲಿರುವ ವಸಿಷ್ಠನನ್ನು ತೋರಿಸಿ, ಅನಂತರ ದೃಷ್ಟಿಯನ್ನು ಅದರ ಕಡೆಗೆ ತಿರುಗಿಸುವರು. ಸ್ಥೂಲದಿಂದ ಸೂಕ್ಷ್ಮಕ್ಕೆ ಕರೆದೊಯ್ಯುವ ಈ ಕ್ರಮಕ್ಕೆ ಶಾಸ್ತ್ರದಲ್ಲಿ ಅರುಂಧತೀ ನ್ಯಾಯವೆಂದು ಹೆಸರು. ದೂರದರ್ಶಕವೂ ಅಂತಹ ಒಂದು ಮೆಟ್ಟಲೇ. ಆದರೆ ಮಿತವಾದ ವರಮಾನದ ಗೃಹಸ್ಥನು ಅದನ್ನು ಕೊಳ್ಳಹೊರಟಾಗ ಒಂದು ಪ್ರಶ್ನೆಯು ಎದುರಾಗುವುದು: ಎಷ್ಟಾದರೆ ಸಾಕು?

ಆಸೆಯು ದೊಡ್ಡದನ್ನೇ ಕೊಳ್ಳೆನ್ನುವುದು. ಆ ಮಾತು ಕೇವಲ ಸುಳ್ಳಲ್ಲ. ದೂರದರ್ಶಕದ ಬಲವಿರುವುದು ಅದರ ಮುಂದಿನ ಗಾಜಿನ ಅಥವಾ ಕನ್ನಡಿಯ ಅಗಲದಲ್ಲಿ. ಕತ್ತಲೆಯಲ್ಲಿ ಕಣ್ಣಿನ ಪಾಪೆಯು ಹೆಚ್ಚೆಂದರೆ ಸುಮಾರು 7 ಮಿಲ್ಲಿಮೀಟರು ಅರಳುವುದು. 70 ಮಿಲ್ಲಿಮೀಟರಿನ ಗಾಜು ಅದರ 100ರಷ್ಟು, 140ರದು 400ರಷ್ಟು ಬೆಳಕನ್ನು ಕೂಡಿಸುವುದು. ಆದರೆ ಅಗಲದೊಡನೆ ಭಾರವೂ ಬೆಲೆಯೂ ಬೆಳೆಯುವುವು. ಮಹಡಿಗೆ ಹೊರಲು ಇಬ್ಬರು ಬೇಕಾದ ಯಂತ್ರವು ಕೆಲವು ದಿನಗಳಲ್ಲೇ ಮೂಲೆಯನ್ನು ಸೇರುವುದು. ನೋಡದವನಿಗೆ ಅಷ್ಟು ಬೆಳಕಿದ್ದು ಫಲವೇನು?

ಜಿಪುಣತನವು ಇನ್ನೊಂದು ಕಡೆಗೆ ಎಳೆಯುವುದು. ನೂರಾರು ಮಡಿ ದೊಡ್ಡದಾಗಿ ತೋರಿಸುವೆನೆಂದು ಪೆಟ್ಟಿಗೆಯ ಮೇಲೆ ಅಚ್ಚಾದ ಅಗ್ಗದ ಕೊಳವೆಗೆ ಅದು ಮರುಳಾಗುವುದು. ಅಗಲದ ಒಂದೊಂದು ಮಿಲ್ಲಿಮೀಟರಿಗೆ ಎರಡು ಮಡಿಯಂತೆ, 70ರ ಗಾಜಿಗೆ 140 ಮಡಿಯೇ ಮೇರೆ. ಅದನ್ನು ಮೀರಿದರೆ ಬಿಂಬವು ಮಸಕಾಗುವುದಲ್ಲದೆ ಹೊಸದೇನೂ ಕಾಣದು. ಮೂರು ಕಾಲಿನ ಪೀಠವು ಅಲುಗಾಡಿದರೆ ಚಂದ್ರನೂ ನಡುಗುವನು. ಇದನ್ನು ಅಲ್ಪತೃಪ್ತಿಯೆನ್ನಲಾಗದು, ಇದು ಅವಿವೇಕ.

ಇಟಲಿಯ ಗೆಲಿಲಿಯೋ 1610ರಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡುದು ಸುಮಾರು 20 ಮಡಿ ತೋರಿಸುವ ಕೊಳವೆಯಿಂದ. ರಾತ್ರಿ ರಾತ್ರಿಯೂ ಬಿಡದೆ ನೋಡಿ, ಅವುಗಳ ಸ್ಥಾನವನ್ನು ಗುರುತಿಸಿಟ್ಟುದರಿಂದಲೇ ಅವು ಗುರುವನ್ನು ಸುತ್ತುವುವೆಂದು ಆತನಿಗೆ ತಿಳಿಯಿತು. ಶನಿಯ ಬಳೆಯು ಬಳೆಯೆಂಬುದು ಮಾತ್ರ ಆತನಿಗೆ ಅರಿವಾಗಲಿಲ್ಲ. ಅದು ಅಂಚನ್ನಷ್ಟೇ ತೋರುವ ಕಾಲವನ್ನುಳಿದು, ಇಂದಿನ 70ರ ಒಳ್ಳೆಯ ಗಾಜಿನಲ್ಲಿ ಮಗುವಿಗೂ ಅದು ಗೋಚರ. ಬರಿಗಣ್ಣಿಗೆ ಒಬ್ಬನೇ ಆದ ವಸಿಷ್ಠನು ಅದರಲ್ಲಿ ಎರಡು ನಕ್ಷತ್ರಗಳಾಗಿ ತೋರುವನು. ಅಷ್ಟಕ್ಕೂ ಶಕ್ತಿಯಿಲ್ಲದವನು ಸಣ್ಣ ದುರ್ಬೀನನ್ನು ಗೋಡೆಗೆ ಆನಿಸಿ ಹಿಡಿದರೂ ಗುರುವಿನ ಚಂದ್ರರನ್ನು ಕಾಣಬಹುದು.

ಆದುದರಿಂದ ತೃಪ್ತಿಯು ವಿವೇಕವು ತನ್ನ ಕೆಲಸವನ್ನು ಮುಗಿಸಿದ ಮೇಲೆ ಬರತಕ್ಕದ್ದು. ಒಳ್ಳೆಯ ಗಾಜು, ಅಲುಗದ ಪೀಠ, ಒಬ್ಬನೇ ಎತ್ತಬಲ್ಲ ಭಾರ ಇವನ್ನು ಪರೀಕ್ಷಿಸಿ, ಸಾಲವಿಲ್ಲದೆ ಕೊಳ್ಳಬಹುದಾದುದನ್ನು ಕೊಂಡವನು ಆಮೇಲೆ ಅಂಗಡಿಯ ಕಡೆಗೆ ನೋಡದಿರಲಿ; ಆಕಾಶದ ಕಡೆಗೆ ನೋಡಲಿ.