ತೆನೆಗೂ ಬಳ್ಳಕ್ಕೂ ನಡುವೆ ಕಣ

‘ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ.’ ಉಳಿತಾಯದ ಮಾತು ಬಂದಾಗಲೆಲ್ಲ ಒದಗುವ ಗಾದೆ. ಎರಡು ಭಾಗವೂ ಒಂದನ್ನೇ ಹೇಳುತ್ತವೆ ಎಂದು ಓದಿಬಿಡುತ್ತೇವೆ. ಆದರೆ ಹನಿಗಳು ಇಳಿಜಾರು ಸಿಕ್ಕರೆ ತಾವಾಗಿಯೇ ಕೂಡಿ ಹರಿಯುತ್ತವೆ, ತೆನೆ ಹಾಗಲ್ಲ. ಕೊಯ್ದು, ಕಣಕ್ಕೆ ತಂದು, ಬಡಿದು, ತೂರಿ, ಜೊಳ್ಳು ಹಾರಿಸಿದ ಮೇಲಷ್ಟೇ ಬಳ್ಳದಲ್ಲಿ ಅಳೆಯಲು ಕಾಳು ಸಿಗುವುದು. ಗಾದೆ ಈ ಕೆಲಸದ ಸುದ್ದಿ ಎತ್ತುವುದಿಲ್ಲ. ಕೇಳುವವರು ರೈತರೇ ಆಗಿದ್ದಾಗ ಎತ್ತುವ ಅಗತ್ಯವೂ ಇರಲಿಲ್ಲ.

ಸಂಶೋಧನೆಗೆ ಇಳಿದ ವಿದ್ಯಾರ್ಥಿಗೆ ಮಾತ್ರ ಬಿಡಿಸಿ ಹೇಳಬೇಕು. ಜೆರಾಕ್ಸ್ ಕಟ್ಟು, ಮೊಬೈಲಿನಲ್ಲಿ ತೆಗೆದ ಪುಟಗಳ ಫೋಟೊ, ನೋಟ್‌ಬುಕ್ಕಿನ ಗೀಚು, ಇವೆಲ್ಲ ಇನ್ನೂ ತೆನೆಯೇ. ರಾಶಿ ಬೆಳೆದಷ್ಟೂ ಮಹಾಪ್ರಬಂಧ ಬೆಳೆಯುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಈ ತೆನೆ ಕಾಳಾಗುವ ಕಣವೆಂದರೆ ಒಂದೊಂದು ಮಾತನ್ನೂ ಅದರ ಆಕರದೊಡನೆ ಬರೆದಿಡುವ ಟಿಪ್ಪಣಿ ಕಾರ್ಡು.

ಶಾಸನಗಳನ್ನು ಓದುವವರ ಪಾಡು ನೋಡಿ. ಕಾರ್ಡಿನ ಮೇಲೆ ಶಾಸನ ಸಂಪುಟದ ಹೆಸರಾಗಿ ‘ಎಪಿಗ್ರಾಫಿಯಾ ಕರ್ನಾಟಿಕಾ, ಬೇಲೂರು’ ಎಂದು ಬರೆದು ಶಾಸನದ ಸಂಖ್ಯೆ ಹಾಕಿಕೊಂಡರೆ ಸಾಕೆನಿಸುತ್ತದೆ. ಆದರೆ ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ 5ನೆಯ ಸಂಪುಟದಲ್ಲೂ ಬೇಲೂರಿದೆ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಮಾಲೆಯ 9ನೆಯ ಸಂಪುಟದಲ್ಲೂ ಇದೆ. ಎರಡರಲ್ಲಿ ಶಾಸನ ಸಂಖ್ಯೆಗಳು ಬೇರೆ. ಅದೇ ತಾಲ್ಲೂಕಿನ ಹಲ್ಮಿಡಿ ಶಾಸನವಂತೂ ಬೆಳಕಿಗೆ ಬಂದದ್ದೇ 1930ರ ದಶಕದಲ್ಲಿ. ರೈಸರ ಸಂಪುಟದಲ್ಲಿ ಅದನ್ನು ಹುಡುಕಿ ಫಲವಿಲ್ಲ. ಯಾವ ಮುದ್ರಣ ಎಂಬ ಒಂದು ಮಾತು ಬಿಟ್ಟುಹೋದರೆ ಅಡಿಟಿಪ್ಪಣಿ ಓದುಗನನ್ನು ಬೇರೊಂದು ಊರಿನ ಕಲ್ಲಿನ ಮುಂದೆ ನಿಲ್ಲಿಸುತ್ತದೆ.

ತೂರುವ ಕೆಲಸ ಇನ್ನೂ ಸೂಕ್ಷ್ಮ. ಆಕರದ ಮಾತನ್ನು ಇದ್ದಂತೆಯೇ ಎತ್ತಿಕೊಂಡದ್ದು, ಅದರ ಸಾರವನ್ನು ನಮ್ಮ ಮಾತಿನಲ್ಲಿ ಇಳಿಸಿದ್ದು, ಓದುವಾಗ ನಮಗೇ ಹೊಳೆದದ್ದು, ಈ ಮೂರೂ ಕಾರ್ಡಿನಲ್ಲಿ ಬೇರೆಬೇರೆಯಾಗಿ ಕಾಣಬೇಕು. ಉದ್ಧರಣ ಚಿಹ್ನೆ ಹಾಕಲು ಸೋಮಾರಿತನ ಮಾಡಿದರೆ, ವರ್ಷ ಕಳೆಯುವಷ್ಟರಲ್ಲಿ ಹಿರಿಯ ವಿದ್ವಾಂಸರ ವಾಕ್ಯ ನಮ್ಮದೇ ಅನ್ನಿಸತೊಡಗುತ್ತದೆ. ಕೃತಿಚೌರ್ಯದ ಆಪಾದನೆಯ ಹಿಂದೆ ಇಂಥ ಮೈಗಳ್ಳತನವೂ ಇರುವುದುಂಟು. ಕಾರ್ಡಿನ ತಲೆಯ ಮೇಲೆ ಅದು ಯಾವ ಪ್ರಶ್ನೆಗೆ ಉತ್ತರ ಎಂದು ಒಂದು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಅದು ಈ ಪ್ರಬಂಧದ ಕಾಳಲ್ಲ. ಬೇರೆ ಕಟ್ಟಿಗೆ ಸೇರಲಿ.

ಇದೆಲ್ಲ ಪುಸ್ತಕ ಮೇಜಿನ ಮೇಲಿರುವಾಗಲೇ ಆಗಬೇಕು. ಗ್ರಂಥಾಲಯಕ್ಕೆ ಮರಳಿದ ಪುಸ್ತಕ ಬೇಕೆಂದಾಗ ಸಿಕ್ಕೀತೆಂಬ ಭರವಸೆಯಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಒಂದು ವಾಕ್ಯದ ಮೇಲೆ ಬೆರಳಿಟ್ಟು ‘ಇದು ಎಲ್ಲಿದೆ?’ ಎಂದರೆ, ಎಷ್ಟು ಪುಸ್ತಕ ಓದಿದ್ದೀರಿ ಎಂಬ ಲೆಕ್ಕ ನೆರವಿಗೆ ಬರುವುದಿಲ್ಲ. ಪುಟ ಸಂಖ್ಯೆ ಬರುತ್ತದೆ.