ಸೊನ್ನೆಯನ್ನು ಯಾವಾಗ ನಂಬಬೇಕು?

ಕಾಣಲಿಲ್ಲ ಎಂಬ ಕಾರಣಕ್ಕೆ ಒಂದು ವಸ್ತು ಇಲ್ಲ ಎಂದು ಯಾವಾಗ ಹೇಳಬಹುದು? ನಮ್ಮ ದಾರ್ಶನಿಕರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜಗಳಾಡಿದ ಪ್ರಶ್ನೆ ಇದು. ಮನೆಯ ಸ್ವಿಚ್‌ಬೋರ್ಡ್ ಬಿಚ್ಚಿ, ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್‌ನ ಕೆಂಪು, ಕಪ್ಪು ಪ್ರೋಬ್‌ಗಳನ್ನು ತಂತಿಗಳಿಗೆ ತಾಗಿಸಿ, ಪರದೆಯ ಮೇಲೆ 000 ಕಂಡ ಮನುಷ್ಯನಿಗೂ ಇದೇ ಪ್ರಶ್ನೆ ಎದುರಾಗಿರುತ್ತದೆ, ಅವನು ಗಮನಿಸಲಿ ಬಿಡಲಿ. ಸೊನ್ನೆ ಕಂಡ ಮೇಲೆ ಅವನು ತಂತಿಯನ್ನು ಬರಿಗೈಯಲ್ಲಿ ಹಿಡಿಯುತ್ತಾನೆ. ಅಗ್ಗದ ಮೀಟರ್ ಕೊಳ್ಳಬಹುದೇ ಎಂದು ಕೇಳುವವರು ಸಾಮಾನ್ಯವಾಗಿ ಅದರ ಅಂಕಿ ಎಷ್ಟು ನಿಖರ ಎಂದು ಕೇಳುತ್ತಾರೆ. ಅದು ಎರಡನೆಯ ಪ್ರಶ್ನೆ. ಇಂಥ ಕಡೆ ಮೀಟರ್ ‘ಇದೆ’ ಎಂದಾಗ ತಪ್ಪಿದರೆ ಆಗುವ ನಷ್ಟ ಸಣ್ಣದು; ‘ಇಲ್ಲ’ ಎಂದಾಗ ತಪ್ಪಿದರೆ ಪ್ರಾಣವೇ ಹೋಗಬಹುದು. ಆದ್ದರಿಂದ ಮೀಟರ್‌ನ ಬೆಲೆ ಕಟ್ಟಬೇಕಾದದ್ದು ಅದು ‘ಇಲ್ಲ’ ಎನ್ನಲು ಎಷ್ಟು ಅರ್ಹ ಎಂಬುದರಿಂದ. ಆ ಅರ್ಹತೆಯ ಬಹುಪಾಲು ಇರುವುದು ಮೀಟರ್‌ನ ಒಳಗಲ್ಲ, ಅದನ್ನು ಬಳಸುವವರ ಶಿಸ್ತಿನಲ್ಲಿ.

ಅಭಾವದ ಜ್ಞಾನ, ಅಂದರೆ ‘ಇಲ್ಲ’ ಎಂಬ ಅರಿವು, ಹೇಗೆ ಬರುತ್ತದೆ ಎಂಬುದರಲ್ಲಿ ದರ್ಶನಗಳಿಗೆ ಒಮ್ಮತವಿಲ್ಲ. 7ನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನೇ, ಒಂದು ಸ್ವತಂತ್ರ ಪ್ರಮಾಣ (ಜ್ಞಾನದ ಸಾಧನ) ಎಂದು ಎಣಿಸಿದರು. ಅದ್ವೈತಿಗಳು ಅದನ್ನು ಒಪ್ಪಿಕೊಂಡರು. ನೈಯಾಯಿಕರು ಒಪ್ಪಲಿಲ್ಲ, ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಕಣ್ಣಿಗೇ ತಿಳಿಯುತ್ತದೆ ಎಂದರು. 13ನೇ ಶತಮಾನದ ಉಡುಪಿಯ ಮಧ್ವಾಚಾರ್ಯರೂ ಮುಂದೆ ಅವರ ಹಾದಿಯಲ್ಲಿ ಬಂದ ಜಯತೀರ್ಥರೂ ಅಭಾವಕ್ಕೆ ಬೇರೆ ಪ್ರಮಾಣ ಬೇಡವೆಂದು, ಅದನ್ನು ಪ್ರತ್ಯಕ್ಷ, ಅನುಮಾನ (ತರ್ಕದಿಂದ ತಿಳಿಯುವುದು), ಆಗಮ (ಶಾಸ್ತ್ರವಚನ) ಇವುಗಳೊಳಗೇ ಸೇರಿಸಿದರು. ಇಷ್ಟು ಭಿನ್ನಮತದ ನಡುವೆಯೂ ಒಂದು ಮಾತಿನಲ್ಲಿ ಎಲ್ಲರೂ ಕೂಡುತ್ತಾರೆ. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಗಡಿಗೆಯ ಅಭಾವಕ್ಕೆ ಸಾಕ್ಷಿಯಲ್ಲ. ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲ. ಈ ನಿಬಂಧನೆಗೆ ಶಾಸ್ತ್ರದ ಹೆಸರು ಯೋಗ್ಯತೆ. ಕಾಣದ್ದೆಲ್ಲ ಇಲ್ಲವೆನ್ನುವ ಚಾರ್ವಾಕನಿಗೆ 10ನೇ ಶತಮಾನದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಕೊಟ್ಟ ಉತ್ತರವೂ ಇದನ್ನೇ ಆಧರಿಸಿದೆ: ಹಾಗಿದ್ದರೆ ನೀನು ಮನೆಯಿಂದ ಹೊರಗೆ ಕಾಲಿಟ್ಟ ಕೂಡಲೇ, ಕಣ್ಣಿಗೆ ಬೀಳದ ಹೆಂಡತಿ ಮಕ್ಕಳು ಇಲ್ಲವಾದರೆಂದು ಅಳಬೇಕಾಗುತ್ತದೆ.

ಈ ನಿಬಂಧನೆಯನ್ನು ಮೀಟರ್‌ಗೆ ಹಚ್ಚುವ ಮೊದಲು ಅದರ ‘ಇದೆ’ ಎಂಬ ಮಾತಿಗೆ ನ್ಯಾಯ ಸಲ್ಲಿಸಬೇಕು. ನಮ್ಮ ಪೇಟೆಗಳಲ್ಲಿ ಬಹುಕಾಲದಿಂದ ಸಿಗುವ ಡಿಟಿ-830 ಮಾದರಿಯ ಮೀಟರ್‌ಗಳು 1999ರವರೆಗೆ ಎಣಿಸುತ್ತವೆ. ಡಿಸಿ ವೋಲ್ಟೇಜಿನಲ್ಲಿ ಅವು ಸಾಮಾನ್ಯವಾಗಿ ಘೋಷಿಸುವ ದೋಷಮಿತಿ ಶೇ. 0.5, ಜೊತೆಗೆ ಕೊನೆಯ ಸ್ಥಾನದಲ್ಲಿ 2 ಅಂಕ. ಕಾರಿನ ಬ್ಯಾಟರಿ 12.60 ವೋಲ್ಟ್ ತೋರಿಸಿದರೆ ನಿಜ ಬೆಲೆ 0.08 ವೋಲ್ಟಿನಷ್ಟು ಆಚೀಚೆ ಇರಬಹುದು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6, ಅರ್ಧ ಇಳಿದದ್ದು ಸುಮಾರು 12.2 ತೋರಿಸುವುದರಿಂದ ಅವೆರಡನ್ನು ಬೇರ್ಪಡಿಸಲು ಇಷ್ಟು ಸಾಕು. ಎಂಜಿನ್ ಓಡುವಾಗ ಆಲ್ಟರ್ನೇಟರ್ 14 ವೋಲ್ಟಿನ ಹತ್ತಿರ ಕೊಡುತ್ತಿದೆಯೇ ಎಂದು ತಿಳಿಯಲೂ ಸಾಕು. ಎಸಿಯಲ್ಲಿ ದೋಷಮಿತಿ ಶೇ. 1.2 ಮತ್ತು 10 ಅಂಕ, ಅಂದರೆ 230 ವೋಲ್ಟಿನ ಓದಿಗೆ ಸುಮಾರು 13 ವೋಲ್ಟ್. ಫ್ರಿಜ್ಜಿಗೆ ಬರುವ ಸಪ್ಲೈ 180ಕ್ಕೆ ಕುಸಿದಿದೆಯೇ ಎಂದು ನೋಡಲು ಅದೂ ನಡೆಯುತ್ತದೆ. ಒಳಗಿನ 9 ವೋಲ್ಟ್ ಬ್ಯಾಟರಿ ಸೊರಗಿದಾಗ ಇಂಥ ಮೀಟರ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸತೊಡಗುತ್ತವೆ ಎಂಬುದನ್ನು ನೆನಪಿಟ್ಟರೆ, ‘ಇದೆ, ಇಷ್ಟಿದೆ’ ಎಂಬ ಅವುಗಳ ಮಾತನ್ನು ಬೆಲೆಗೆ ಮೀರಿಯೇ ನಂಬಬಹುದು. ಜ್ಞಾನವನ್ನು ಬಾಧಕ ಸಿಗುವವರೆಗೆ ನಂಬು ಎಂಬ ಮೀಮಾಂಸಕರ ಸ್ವತಃಪ್ರಾಮಾಣ್ಯ ಇಲ್ಲಿ ಹಿತವಾದ ನೀತಿ.

ಸೊನ್ನೆಯ ಮಾತು ಬೇರೆ. ಗುಂಡಿಯನ್ನು ಡಿಸಿ ವೋಲ್ಟೇಜಿಗೆ ತಿರುಗಿಸಿಟ್ಟು ಮನೆಯ ಸಾಕೆಟ್ಟಿಗೆ ಪ್ರೋಬ್ ಚುಚ್ಚಿದರೆ ಮೀಟರ್ ಸೊನ್ನೆಯನ್ನೋ ಅದರ ಆಸುಪಾಸಿನ ಅಂಕಿಯನ್ನೋ ತೋರಿಸುತ್ತದೆ. ಅದು ಕೆಟ್ಟಿಲ್ಲ; ಸುಳ್ಳನ್ನೂ ಹೇಳುತ್ತಿಲ್ಲ. ಸೆಕೆಂಡಿಗೆ 50 ಬಾರಿ ಏರಿಳಿಯುವ ಅಲೆಯ ಸರಾಸರಿ ಸೊನ್ನೆಯೇ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿದೆ. ಲೀಡಿನ ರಬ್ಬರಿನೊಳಗೆ ತಾಮ್ರದ ಎಳೆ ಹರಿದಿದ್ದರೂ ಸೊನ್ನೆ. ಟರ್ಮಿನಲ್ ಮೇಲೆ ಬಣ್ಣವೋ ಕಿಲುಬೋ ಕೂತು ಪ್ರೋಬ್ ಲೋಹವನ್ನು ಮುಟ್ಟದಿದ್ದರೂ ಸೊನ್ನೆ. ಕಾರು ನಿಂತಿದ್ದಾಗ ಬ್ಯಾಟರಿ ಯಾಕೆ ಇಳಿಯುತ್ತಿದೆ ಎಂದು ನೋಡಲು ಮಿಲಿಆಂಪಿಯರ್ ಶ್ರೇಣಿಯಲ್ಲಿ ಮೀಟರನ್ನು ಸರಣಿಯಾಗಿ ಜೋಡಿಸಿದಾಗ, ಯಾರಾದರೂ ಬಾಗಿಲು ತೆಗೆದು ದೀಪಗಳು ಹೊತ್ತಿಕೊಂಡರೆ ಒಳಗಿನ ಸಣ್ಣ ಫ್ಯೂಸ್ ಸದ್ದಿಲ್ಲದೆ ಸುಟ್ಟುಹೋಗುತ್ತದೆ. ಆಮೇಲೆ ಪರದೆಯಲ್ಲಿ ಸ್ವಚ್ಛವಾದ ಸೊನ್ನೆ. ಈಗಿನ ಕಾರುಗಳಲ್ಲಿ ಗಡಿಯಾರ, ಬೀಗ, ಕಂಪ್ಯೂಟರುಗಳು ನಿದ್ದೆಯಲ್ಲೂ ಹತ್ತಾರು ಮಿಲಿಆಂಪಿಯರ್ ಎಳೆಯುತ್ತವೆ. ಆದ್ದರಿಂದ ಅಷ್ಟು ನಿರ್ಮಲವಾದ ಸೊನ್ನೆ ಕಂಡಾಗ ನೆಮ್ಮದಿಗಿಂತ ಮೊದಲು ಸಂಶಯ ಹುಟ್ಟಬೇಕು. ದೋಷವಿಲ್ಲದ ಇಂದ್ರಿಯ, ದೋಷವಿಲ್ಲದ ವಿಷಯ, ಅವೆರಡರ ಸಂಪರ್ಕ ಇವು ಕೂಡಿದರೆ ಪ್ರತ್ಯಕ್ಷ ಎಂದು ಮಾಧ್ವರು ಹೇಳಿದ್ದು ಎಷ್ಟು ತೂಕದ ಮಾತು ಎಂಬುದು ಇಲ್ಲಿ ತಿಳಿಯುತ್ತದೆ. ಮೂರರಲ್ಲಿ ಯಾವುದು ಕೈಕೊಟ್ಟರೂ ಪರದೆಯ ಮೇಲೆ ಮೂಡುವುದು ಒಂದೇ ಅಂಕಿ, ಮತ್ತು ಅದು ನಿಜವಾದ ಅಭಾವದ ಅಂಕಿಯಂತೆಯೇ ಇರುತ್ತದೆ.

ಇನ್ನೂ ಸೂಕ್ಷ್ಮವಾದ ತಪ್ಪೊಂದಿದೆ. ಅಭಾವವೆಂದರೆ ಯಾವಾಗಲೂ ಯಾವುದೋ ಒಂದರ ಅಭಾವ, ಎಲ್ಲೋ ಒಂದು ಕಡೆ ಎಂದು ನೈಯಾಯಿಕರು ಪಟ್ಟುಹಿಡಿದರು. ಯಾವುದು ಇಲ್ಲವೋ ಅದು ಪ್ರತಿಯೋಗಿ, ಎಲ್ಲಿ ಇಲ್ಲವೋ ಅದು ಅಧಿಕರಣ. ಎರಡನ್ನೂ ಹೇಳದೆ ಬರೀ ‘ಇಲ್ಲ’ ಎಂದರೆ ಅದು ಪೂರ್ಣ ಜ್ಞಾನವಲ್ಲ. ವೋಲ್ಟೇಜ್ ಎಂಬುದು ಎರಡು ಬಿಂದುಗಳ ನಡುವಿನ ಅಂತರ. ಮೀಟರಿನ ಸೊನ್ನೆ ಹೇಳುವುದು ಈ ಎರಡು ಬಿಂದುಗಳ ನಡುವೆ ಅಂತರವಿಲ್ಲ ಎಂದಷ್ಟೇ. ಅಪಾಯವಿಲ್ಲ ಎಂದು ಅದು ಹೇಳಿಯೇ ಇಲ್ಲ. ಹಿಂದೆಲ್ಲೋ ನ್ಯೂಟ್ರಲ್ ತಂತಿ ಕಡಿದು, ಆ ಲೈನಿನಲ್ಲಿ ಒಂದು ಬಲ್ಬು ಆನ್ ಆಗಿದ್ದರೆ, ಫೇಸಿನ ವಿದ್ಯುತ್ತು ಬಲ್ಬಿನ ಮೂಲಕ ನ್ಯೂಟ್ರಲ್‌ಗೂ ಬಂದು ನಿಲ್ಲುತ್ತದೆ. ಆಗ ಫೇಸ್ ಮತ್ತು ನ್ಯೂಟ್ರಲ್ ನಡುವೆ ಮೀಟರ್ ಇಟ್ಟರೆ ಸೊನ್ನೆ, ಆದರೆ ಎರಡೂ ತಂತಿಗಳು ಅರ್ತ್‌ಗೆ ಹೋಲಿಸಿದರೆ 230 ವೋಲ್ಟಿನಲ್ಲಿವೆ. ಸತ್ಯವಾದ ಸೊನ್ನೆಯನ್ನು ಓದಿಯೇ ಮನುಷ್ಯ ಶಾಕ್ ಹೊಡೆಸಿಕೊಳ್ಳುತ್ತಾನೆ. ಅವನು ತಪ್ಪಿದ್ದು ಪ್ರತಿಯೋಗಿಯಲ್ಲಿ: ಅಂತರದ ಅಭಾವವನ್ನು ವಿದ್ಯುತ್ತಿನ ಅಭಾವವೆಂದು ತಿಳಿದ. ಇದರ ತಿರುವುಮುರುವೂ ನಡೆಯುತ್ತದೆ. ಪ್ರತಿರೋಧ ಹೆಚ್ಚಿರುವ ಒಳ್ಳೆಯ ಮೀಟರ್, ಪಕ್ಕದ ತಂತಿಯ ಪ್ರಭಾವದಿಂದಲೇ, ಎಲ್ಲಿಗೂ ಜೋಡಿಸದ ತಂತಿಯಲ್ಲಿ ಹತ್ತಾರು ವೋಲ್ಟ್ ತೋರಿಸಬಹುದು. ಕಾರಿನಲ್ಲಿ ಒಂದೇ ಎಳೆಯಲ್ಲಿ ಉಳಿದುಕೊಂಡ ತಂತಿ ಲೋಡ್ ಇಲ್ಲದಾಗ ಪೂರ್ತಿ 12 ವೋಲ್ಟ್ ತೋರಿಸಿ, ಹೆಡ್‌ಲೈಟ್ ಹಾಕಿದೊಡನೆ ಕುಸಿಯಬಹುದು. ಆದರೆ ಈ ಭ್ರಮೆಗಳು ಕೆಲಸ ಕೆಡಿಸುತ್ತವೆ, ಸಮಯ ತಿನ್ನುತ್ತವೆ. ಸೊನ್ನೆಯ ಭ್ರಮೆಯಂತೆ ಕೈಯನ್ನು ಅಪಾಯಕ್ಕೆ ಕರೆಯುವುದಿಲ್ಲ.

ಹಾಗಾದರೆ ಸೊನ್ನೆಗೆ ಯೋಗ್ಯತೆ ಬರುವುದು ಹೇಗೆ? ನುರಿತ ಎಲೆಕ್ಟ್ರಿಷಿಯನ್‌ಗಳು ಪಾಲಿಸುವ ಕ್ರಮವೇ ಉತ್ತರ. ಮೊದಲು ಕರೆಂಟು ಇದೆಯೆಂದು ಗೊತ್ತಿರುವ ಸಾಕೆಟ್ಟಿನಲ್ಲಿ ಮೀಟರ್ ಇಟ್ಟು 230ರ ಸುತ್ತಮುತ್ತ ಬರುತ್ತದೆಯೇ ನೋಡುವುದು. ಬಳಿಕ, ಗುಂಡಿಯನ್ನು ಮುಟ್ಟದೆ, ಕೆಲಸ ಮಾಡಬೇಕಾದ ತಂತಿಗಳನ್ನು ಪರೀಕ್ಷಿಸುವುದು: ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ. ಕೊನೆಗೆ ಮತ್ತೆ ಮೊದಲಿನ ಸಾಕೆಟ್ಟಿಗೆ ಹೋಗಿ ಮೀಟರ್ ಇನ್ನೂ ಕಾಣಬಲ್ಲುದೇ ಎಂದು ಖಚಿತಪಡಿಸಿಕೊಳ್ಳುವುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮಗಳು 600 ವೋಲ್ಟ್ ಮೀರಿದ ಕಡೆ ಈ ಹಿಂದುಮುಂದಿನ ಪರೀಕ್ಷೆಯನ್ನು ಕಡ್ಡಾಯ ಮಾಡಿವೆ. ಇದ್ದಿದ್ದರೆ ಕಾಣುತ್ತಿತ್ತು ಎಂಬ ವಾಕ್ಯವನ್ನು ಊಹೆಯಾಗಿ ಬಿಡದೆ ಕೈಯಾರೆ ಸಾಧಿಸುವ ವಿಧಾನ ಇದು. ಇಲ್ಲೊಂದು ಆಕ್ಷೇಪ ಏಳುತ್ತದೆ: ಮೀಟರನ್ನು ಸಾಕೆಟ್ಟಿನಿಂದ ಪರೀಕ್ಷಿಸಿದರೆ, ಸಾಕೆಟ್ಟನ್ನು ಪರೀಕ್ಷಿಸುವುದು ಯಾವುದರಿಂದ? ಪ್ರಮಾಣಕ್ಕೆ ಪ್ರಮಾಣ ಕೇಳುತ್ತ ಹೋದರೆ ಕೊನೆಯಿಲ್ಲದ ಅನವಸ್ಥೆಯಲ್ಲವೇ? ಜ್ಞಾನ ಸರಿಯೆಂಬುದು ಬೇರೊಂದರಿಂದ ತಿಳಿಯಬೇಕು ಎಂಬ ಪರತಃಪ್ರಾಮಾಣ್ಯ ಹೇಳುವ ನೈಯಾಯಿಕರಿಗೆ ಮೀಮಾಂಸಕರು ಒಡ್ಡಿದ ಪ್ರಶ್ನೆಯೇ ಇದು. ನೈಯಾಯಿಕರ ಉತ್ತರ, ಸಫಲವಾದ ಪ್ರವೃತ್ತಿ: ಆ ಸಾಕೆಟ್ಟಿನಲ್ಲಿ ದೀಪ ಉರಿಯುತ್ತಿದೆ, ಫ್ಯಾನ್ ತಿರುಗುತ್ತಿದೆ. ಕುಮಾರಿಲರ ಉತ್ತರ ಇನ್ನಷ್ಟು ಪ್ರಾಯೋಗಿಕ: ಮೂರು ನಾಲ್ಕು ಜ್ಞಾನಗಳಾಚೆಗೆ ಸಂಶಯವನ್ನು ಎಳೆಯಬೇಕಾದ ಅಗತ್ಯ ಬೀಳುವುದಿಲ್ಲ. ಮೂರು ಹೆಜ್ಜೆಯ ಈ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಸಂಶಯಕ್ಕೆ ಕೊನೆಯಿಲ್ಲವೆಂದು ಪರೀಕ್ಷೆಯನ್ನೇ ಬಿಡುವುದೂ ತಪ್ಪು, ಒಂದೇ ಓದಿಗೆ ಶರಣಾಗುವುದೂ ತಪ್ಪು.

ಎಂಸಿಬಿ ಇಳಿಸಿದ ಮೇಲೆ ಇಷ್ಟೆಲ್ಲ ಯಾಕೆ ಎಂಬುದು ಮುಂದಿನ ಆಕ್ಷೇಪ. ಸ್ವಿಚ್ ಆಫ್ ಆಗಿದೆ, ಆದ್ದರಿಂದ ಕರೆಂಟಿಲ್ಲ ಎಂಬುದು ಅನುಮಾನ, ಮತ್ತು ಅನುಮಾನ ಪ್ರಮಾಣವೇ. ಆದರೆ ಅದರ ಬಲ ವ್ಯಾಪ್ತಿಯಲ್ಲಿದೆ, ಎಲ್ಲೆಲ್ಲಿ ಎಂಸಿಬಿ ಇಳಿದಿದೆಯೋ ಅಲ್ಲೆಲ್ಲ ವಿದ್ಯುತ್ತಿಲ್ಲ ಎಂಬ ತಪ್ಪದ ಸಂಬಂಧದಲ್ಲಿ. ನಮ್ಮ ಮನೆಗಳಲ್ಲಿ ಆ ಸಂಬಂಧ ತಪ್ಪುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದ ಕ್ಷಣದಲ್ಲೇ ಕೆಲವು ಲೈನುಗಳು ಬ್ಯಾಟರಿಯಿಂದ ಜೀವಂತವಾಗುತ್ತವೆ. ಎಂಸಿಬಿಯ ಮೇಲಿನ ಚೀಟಿ ಒಂದು ಕೋಣೆಯ ಹೆಸರು ಹೇಳಿ ತಂತಿ ಇನ್ನೊಂದು ಕೋಣೆಗೆ ಹೋಗಿರಬಹುದು. ಎಂಸಿಬಿಯನ್ನು ಫೇಸಿನ ಬದಲು ನ್ಯೂಟ್ರಲ್‌ಗೆ ಕೂಡಿಸಿದ ವೈರಿಂಗ್ ಇರಬಹುದು. ಹೀಗೆ ವ್ಯಾಪ್ತಿ ತಪ್ಪುವ ಕಡೆ, ಅಂದರೆ ಶಾಸ್ತ್ರದ ಮಾತಿನಲ್ಲಿ ವ್ಯಭಿಚಾರವಿರುವ ಕಡೆ, ಅನುಮಾನ ಸಾಲದು, ಪ್ರತ್ಯಕ್ಷ ಬೇಕು. ಎಂಸಿಬಿ ಇಳಿಸುವುದು ಕರ್ತವ್ಯ. ಅದು ಮೀಟರಿನ ಕೆಲಸವನ್ನು ತೆಗೆದುಹಾಕುವುದಿಲ್ಲ.

ದುಬಾರಿ ಮೀಟರ್ ಕೊಂಡರೆ ಈ ತೊಂದರೆಯೇ ಇರುವುದಿಲ್ಲವಲ್ಲ ಎಂದು ಕೇಳುವವರಿಗೆ ಅರ್ಧ ಒಪ್ಪಿಗೆ ಕೊಡಬೇಕು. ತಪ್ಪು ಶ್ರೇಣಿಯಲ್ಲಿಟ್ಟರೆ ದುಬಾರಿ ಮೀಟರೂ ಸೊನ್ನೆಯನ್ನೇ ತೋರಿಸೀತು, ಹರಿದ ಲೀಡಿನಿಂದ ಅದಕ್ಕೂ ಏನೂ ಕಾಣದು. ಜ್ಞಾನದ ಯೋಗ್ಯತೆಯನ್ನು ಹಣ ಕೊಟ್ಟು ಪೂರ್ತಿ ಕೊಳ್ಳಲಾಗದು. ಹಣ ಕೊಳ್ಳುವುದು ಬೇರೊಂದನ್ನು: ಬಳಸುವವನು ತಪ್ಪಿದಾಗ ಅವನನ್ನು ಉಳಿಸುವ ರಕ್ಷಣೆಯನ್ನು. ಅಂತರರಾಷ್ಟ್ರೀಯ ಮಾನದಂಡ ಐಇಸಿ 61010 ಮೀಟರ್‌ಗಳನ್ನು ಕ್ಯಾಟ್ ವರ್ಗಗಳಲ್ಲಿ ಹಂಚುತ್ತದೆ. 600 ವೋಲ್ಟಿನ ಕ್ಯಾಟ್-2 ಮೀಟರ್ 4000 ವೋಲ್ಟಿನ ಕ್ಷಣಿಕ ಏರಿಕೆಯನ್ನು ತಾಳಬೇಕು, ಅದೇ 600 ವೋಲ್ಟಿನ ಕ್ಯಾಟ್-3 ಮೀಟರ್ 6000 ವೋಲ್ಟನ್ನು. ಸಾಕೆಟ್ಟಿಗೆ ಜೋಡಿಸುವ ಸಾಧನಗಳಿಗೆ ಮೊದಲನೆಯದು, ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಎರಡನೆಯದು. ಡಿಟಿ-830 ಮಾದರಿಯ ಮೀಟರ್‌ಗಳ 10 ಆಂಪಿಯರ್ ಕಿಂಡಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಪ್ರೋಬ್ ಆ ಕಿಂಡಿಯಲ್ಲಿ ಉಳಿದಿರುವಾಗ ಸಾಕೆಟ್ಟಿಗೆ ಚುಚ್ಚಿದರೆ ಮೀಟರೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅಂಕಿಯಲ್ಲಿ ಪ್ರಾಮಾಣಿಕವಾಗಿರುವ ಉಪಕರಣ ಮೈಮೇಲೆ ಅಚ್ಚಾದ ಸುರಕ್ಷತೆಯ ಗುರುತಿನಲ್ಲಿ ಪ್ರಾಮಾಣಿಕವಾಗಿರಬೇಕೆಂದಿಲ್ಲ. ಆ ಗುರುತು ಆಪ್ತವಾಕ್ಯದಂತೆ, ಹೇಳಿದವರ ವಿಶ್ವಾಸಾರ್ಹತೆಯ ಮೇಲೆಯೇ ಅದು ನಿಲ್ಲಬೇಕು. ಕೊಳ್ಳುವವರಿಗೆ ಅದನ್ನು ಪರೀಕ್ಷಿಸುವ ದಾರಿಯಿಲ್ಲ. ಸ್ವತಂತ್ರ ಪರೀಕ್ಷಾಲಯದ ಮುದ್ರೆಯಿದ್ದರೆ ಮಾತ್ರ ನಂಬಿಕೆಗೆ ಆಧಾರ.

ಮೋಕ್ಷದ ದಾರಿ ಹುಡುಕಿದ ಶಾಸ್ತ್ರವನ್ನು ಸ್ವಿಚ್‌ಬೋರ್ಡಿಗೆ ಎಳೆದು ತರುವುದು ಬಲವಂತವಲ್ಲವೇ ಎಂಬುದು ಕೊನೆಯ ಆಕ್ಷೇಪ. ಶಾಸ್ತ್ರಕಾರರು ಹಾಗೆ ತಿಳಿದಿರಲಿಲ್ಲ. ಅವರು ಆರಿಸಿಕೊಂಡ ಉದಾಹರಣೆಗಳು ನೆಲ, ಗಡಿಗೆ, ಹೊಗೆ, ಬೆಂಕಿ. ಲೋಕದಲ್ಲಿ ಸರಿಯಾಗಿ ಅರಿಯಲಾರದವನು ಲೋಕಾತೀತದ ಬಗ್ಗೆ ಸರಿಯಾಗಿ ವಾದಿಸಲಾರ ಎಂಬ ನಂಬಿಕೆ ಅದರ ಹಿಂದಿದೆ. ಯೋಗ್ಯತೆಯ ನಿಯಮ ಎರಡು ಕಡೆಯನ್ನೂ ಕತ್ತರಿಸುತ್ತದೆ. ದೇವರು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಇಲ್ಲ ಎಂಬ ವಾದವನ್ನು ಉದಯನರು ಅದರಿಂದ ತಡೆದರು, ಯಾಕೆಂದರೆ ಇದ್ದಿದ್ದರೂ ಕಣ್ಣಿಗೆ ಕಾಣುವ ವಸ್ತುವಲ್ಲ ಅದು. ಆದರೆ ಅಷ್ಟರಿಂದಲೇ ದೇವರಿದ್ದಾನೆಂದು ಸಿದ್ಧವಾಗುವುದಿಲ್ಲ. ಅದಕ್ಕೆ ಉದಯನರೇ ಬೇರೆ ಅನುಮಾನಗಳನ್ನು ಕಟ್ಟಬೇಕಾಯಿತು. ನಾಸ್ತಿಕನ ಆತುರಕ್ಕೂ ಆಸ್ತಿಕನ ಆತುರಕ್ಕೂ ಒಂದೇ ಕಡಿವಾಣ. ನೋಡಬಲ್ಲ ಸ್ಥಿತಿಯಲ್ಲಿ ನೋಡಿದೆನೇ ಎಂದು ಕೇಳಿಕೊಳ್ಳದೆ ‘ಇಲ್ಲ’ ಎನ್ನುವವರು, ವಿಷಯ ವಿದ್ಯುತ್ತಾಗಲಿ ದೈವವಾಗಲಿ, ತಮ್ಮ ಕುರುಡನ್ನೇ ಲೋಕದ ಖಾಲಿತನವೆಂದು ತಿಳಿಯುತ್ತಿರುತ್ತಾರೆ.

ಆದ್ದರಿಂದ ತೀರ್ಪು ಇದು. ಕಾರು, ಬೈಕುಗಳ 12 ವೋಲ್ಟಿನ ಕೆಲಸಕ್ಕೆ, ಬ್ಯಾಟರಿ, ಫ್ಯೂಸ್, ಬಲ್ಬು, ಅಡಾಪ್ಟರ್‌ಗಳ ಪರೀಕ್ಷೆಗೆ ಅಗ್ಗದ ಮೀಟರ್ ಧಾರಾಳವಾಗಿ ಸಾಕು. ಅದನ್ನು ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಮನೆಯ 230 ವೋಲ್ಟನ್ನು ಮುಟ್ಟುವವರು ವಿಶ್ವಾಸಾರ್ಹ ತಯಾರಕರ, ಎಲ್ಲ ಕಿಂಡಿಗಳಿಗೂ ಫ್ಯೂಸ್ ಇರುವ, ನಿಜವಾದ ಕ್ಯಾಟ್-3 ಮೀಟರ್‌ಗೆ ಇನ್ನಷ್ಟು ಹಣ ಕೊಡಲಿ. ನೂರಾರು ವೋಲ್ಟಿನ ಡಿಸಿ ಇರುವ ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಅಗ್ಗದ ಮೀಟರನ್ನೂ ಒಯ್ಯಬೇಡಿ, ತರಬೇತಿಯಿಲ್ಲದ ಕೈಯನ್ನೂ ಒಯ್ಯಬೇಡಿ. ಮೀಟರ್ ಯಾವುದೇ ಆಗಿರಲಿ, ಸೊನ್ನೆ ಕಂಡಾಗ ತಂತಿ ಮುಟ್ಟುವ ಮೊದಲು ಕರೆಂಟಿರುವ ಸಾಕೆಟ್ಟಿಗೆ ಒಮ್ಮೆ ಮರಳಿ ಹೋಗಿ, ಮೀಟರ್‌ಗೆ ಇನ್ನೂ ಕಣ್ಣಿದೆಯೇ ಎಂದು ನೋಡಿ.